ಲಿನಕ್ಸ್‌ನಲ್ಲಿ ಪರದೆಯ ರೆಸಲ್ಯೂಶನ್ ತೊಂದರೆಯನ್ನು ಟರ್ಮಿನಲ್‌ನಿಂದಲೇ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಹೊಸ ಮಾನಿಟರನ್ನು ಜೋಡಿಸಿ ಕಂಪ್ಯೂಟರ್ ಚಾಲೂ ಮಾಡಿದಾಗ ಅಕ್ಷರಗಳು ಊದಿಕೊಂಡಂತೆ, ಚಿತ್ರಗಳು ಅಡ್ಡಕ್ಕೆ ಎಳೆದಂತೆ ಕಾಣುತ್ತವೆ. ಸೆಟ್ಟಿಂಗ್ಸ್ ತೆರೆದರೆ 1024×768ಕ್ಕಿಂತ ಮೇಲಿನ ಆಯ್ಕೆಯೇ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ಬಹಳಷ್ಟು ಮಂದಿ ಎಲ್ಲೋ ಸಿಕ್ಕಿದ ಮೂರು ನಾಲ್ಕು ಕಮಾಂಡುಗಳನ್ನು ಹಾಗೆಯೇ ಟರ್ಮಿನಲ್‌ಗೆ ಅಂಟಿಸುತ್ತಾರೆ. ಅದರಿಂದ ಕೆಲಸವಾಗುವುದೂ ಉಂಟು. ಪರದೆ ಪೂರ್ತಿ ಕಪ್ಪಾಗುವುದೂ ಉಂಟು. ರೆಸಲ್ಯೂಶನ್ನನ್ನು ಬಲವಂತವಾಗಿ ಹೇರುವುದಕ್ಕೆ ಮೊದಲು, ಮಾನಿಟರಿನ ವಿವರ ಡೆಸ್ಕ್‌ಟಾಪ್‌ವರೆಗೆ ತಲುಪುವ ದಾರಿಯಲ್ಲಿ ಎಲ್ಲಿ ತಡೆ ಬಿದ್ದಿದೆ ಎಂಬುದನ್ನು ಕಂಡುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದಲೇ ಈ ಬರಹದ ಮೊದಲ ಅರ್ಧ ಪತ್ತೆಗೆ, ಉಳಿದದ್ದು ಪರಿಹಾರಕ್ಕೆ ಮೀಸಲಾಗಿದೆ.

ಕಮಾಂಡುಗಳನ್ನು ಓದುವ ಬಗೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಅವೆಲ್ಲವನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ. ಅಳತೆಯ ಅಂಕಿಗಳ ನಡುವೆ ಇರುವ × ಗುರುತಿನ ಜಾಗದಲ್ಲಿ ಇಂಗ್ಲಿಷಿನ ಸಣ್ಣ ಎಕ್ಸ್ ಅಕ್ಷರವನ್ನು ಒತ್ತಬೇಕು. ಗೆರೆ, ಚುಕ್ಕೆ, ಓರೆಗೆರೆ, ಅಂಡರ್‌ಸ್ಕೋರ್‌ಗಳು ಇಲ್ಲಿ ಕಾಣುವಂತೆಯೇ ಇರಬೇಕು.

ತೊಂದರೆ ಹುಟ್ಟುವುದು ಎಲ್ಲಿ

ಪ್ರತಿಯೊಂದು ಮಾನಿಟರಿನ ಒಳಗೂ ಒಂದು ಚಿಕ್ಕ ಮೆಮೊರಿ ಚಿಪ್ ಇರುತ್ತದೆ. ತಾನು ಯಾವ ಕಂಪನಿಯದು, ತನ್ನ ಗಾಜಿನ ಅಗಲ ಎತ್ತರ ಎಷ್ಟು, ಯಾವ ಯಾವ ರೆಸಲ್ಯೂಶನ್‌ಗಳನ್ನು ಎಷ್ಟು ವೇಗದಲ್ಲಿ ತೋರಿಸಬಲ್ಲೆ, ಅವುಗಳಲ್ಲಿ ತನಗೆ ಸಹಜವಾದದ್ದು ಯಾವುದು ಎಂಬ ವಿವರವೆಲ್ಲ ಅದರಲ್ಲಿ ಬರೆದಿರುತ್ತದೆ. ಈ ವಿವರಕ್ಕೆ ಇಡಿಐಡಿ ಎಂದು ಹೆಸರು. ಅದರ ಮೊದಲ ಕಂತು 128 ಬೈಟ್‌ಗಳದು, ಎಚ್‌ಡಿಎಂಐ ಇರುವ ಪರದೆಗಳಲ್ಲಿ ಸಾಮಾನ್ಯವಾಗಿ ಇನ್ನೊಂದು 128 ಬೈಟ್‌ಗಳ ಕಂತು ಸೇರಿಕೊಂಡಿರುತ್ತದೆ. ಕರ್ನಲ್‌ನಲ್ಲಿರುವ (ಅಂದರೆ ಲಿನಕ್ಸಿನ ತಿರುಳಿನಲ್ಲಿರುವ) ಗ್ರಾಫಿಕ್ಸ್ ಡ್ರೈವರ್ ಇದನ್ನು ಕೇಬಲ್‌ನ ಮೂಲಕ ಓದಿ ಪಟ್ಟಿಯೊಂದನ್ನು ಮಾಡುತ್ತದೆ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಡಿಸ್‌ಪ್ಲೇ ಸರ್ವರ್ ಆ ಪಟ್ಟಿಯನ್ನು ಡೆಸ್ಕ್‌ಟಾಪ್‌ಗೆ ಒಪ್ಪಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಾವು ಕಾಣುವುದು ಅದೇ ಪಟ್ಟಿ.

ಹೀಗಾಗಿ ತಡೆ ಬೀಳಬಹುದಾದ ಜಾಗಗಳು ಮೂರು. ಸರಿಯಾದ ಡ್ರೈವರೇ ಇಲ್ಲದಿದ್ದರೆ ಒಂದೇ ಒಂದು ರೆಸಲ್ಯೂಶನ್ ಕಾಣುತ್ತದೆ. ಡ್ರೈವರ್ ಇದ್ದೂ ಇಡಿಐಡಿ ಕೈಗೆ ಸಿಗದಿದ್ದರೆ, ಯಾವ ಮಾನಿಟರಿಗೂ ಅಪಾಯವಾಗದ ಸಣ್ಣ ಅಳತೆಗಳ ಪಟ್ಟಿಯನ್ನಷ್ಟೇ ಅದು ಕೊಡುತ್ತದೆ. ಎರಡೂ ಸರಿಯಿದ್ದು ನಾವು ಬಳಸುತ್ತಿರುವ ಕಮಾಂಡ್ ನಮ್ಮ ಡಿಸ್‌ಪ್ಲೇ ಸರ್ವರ್‌ಗೆ ಹೊಂದದಿದ್ದರೆ, ಎಷ್ಟು ಬಾರಿ ಟೈಪ್ ಮಾಡಿದರೂ ಏನೂ ಬದಲಾಗುವುದಿಲ್ಲ.

ಹಂತ 1: ಸೆಷನ್ ಯಾವುದೆಂದು ನೋಡಿಕೊಳ್ಳಿ

ಎಕೋ $ಎಕ್ಸ್‌ಡಿಜಿ_ಸೆಷನ್_ಟೈಪ್

ಡಾಲರ್ ಚಿಹ್ನೆಯ ನಂತರದ ಅಕ್ಷರಗಳೆಲ್ಲ ದೊಡ್ಡವಾಗಿರಬೇಕು. ನಿಮ್ಮ ಡಿಸ್‌ಪ್ಲೇ ಸರ್ವರ್ ಎಕ್ಸ್11 ಎಂಬುದೋ ವೇಲ್ಯಾಂಡ್ ಎಂಬುದೋ ಎಂದು ಇದು ಹೇಳುತ್ತದೆ. ಉತ್ತರ ಎಕ್ಸ್11 ಎಂದು ಬಂದರೆ ಮುಂದೆ ಹೇಳುವ, ಎಕ್ಸ್‌ರ್ಯಾಂಡ್‌ಆರ್ ಎಂಬ ಕಮಾಂಡಿನ ವಿಧಾನ ನಿಮಗೆ ನೇರವಾಗಿ ಅನ್ವಯಿಸುತ್ತದೆ. ವೇಲ್ಯಾಂಡ್ ಎಂದು ಬಂದರೆ ಆ ವಿಧಾನ ನಡೆಯುವುದಿಲ್ಲ. ಅಲ್ಲಿಯೂ ಎಕ್ಸ್‌ರ್ಯಾಂಡ್‌ಆರ್ ಓಡುತ್ತದೆ, ಪಟ್ಟಿಯನ್ನೂ ತೋರಿಸುತ್ತದೆ, ಆದರೆ ಅದು ಹಳೆಯ ಪ್ರೋಗ್ರಾಂಗಳಿಗಾಗಿ ಇರುವ ಎಕ್ಸ್‌ವೇಲ್ಯಾಂಡ್ ಎಂಬ ಮಧ್ಯವರ್ತಿಯೊಡನೆ ಮಾತಾಡುತ್ತಿರುತ್ತದೆಯೇ ಹೊರತು ನಿಜವಾದ ಪರದೆಯೊಡನೆ ಅಲ್ಲ. ಗಂಟೆಗಟ್ಟಲೆ ಶ್ರಮ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ಈ ಒಂದು ಸಾಲನ್ನು ಯಾರೂ ಬಿಡಬಾರದು.

ಹಂತ 2: ಡ್ರೈವರ್ ಕೆಲಸ ಮಾಡುತ್ತಿದೆಯೇ

ಎಲ್‌ಎಸ್‌ಪಿಸಿಐ -ಕೆ

ಉದ್ದನೆಯ ಪಟ್ಟಿಯಲ್ಲಿ ವಿಜಿಎ ಅಥವಾ 3ಡಿ ಕಂಟ್ರೋಲರ್ ಎಂದಿರುವ ಸಾಲನ್ನು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿನಲ್ಲಿ ಇಂಟೆಲ್ ಆಗಿದ್ದರೆ ಐ915 ಅಥವಾ ಎಕ್ಸ್‌ಇ, ಎಎಂಡಿ ಆಗಿದ್ದರೆ ಎಎಂಡಿಜಿಪಿಯು ಅಥವಾ ಹಳೆಯ ಕಾರ್ಡುಗಳಿಗೆ ರೇಡಿಯಾನ್, ಎನ್‌ವಿಡಿಯಾ ಆಗಿದ್ದರೆ ನೊವೊ ಅಥವಾ ಎನ್‌ವಿಡಿಯಾ ಎಂದಿರಬೇಕು. ಆ ಸಾಲೇ ಇಲ್ಲದಿದ್ದರೆ ನಿಮ್ಮ ತೊಂದರೆ ರೆಸಲ್ಯೂಶನ್ನಿನದಲ್ಲ, ಡ್ರೈವರಿನದು.

ಡ್ರೈವರ್ ಇದ್ದೂ ಮಲಗಿರುವುದಕ್ಕೆ ಇನ್ನೊಂದು ಸಾಮಾನ್ಯ ಕಾರಣವಿದೆ. ಲಿನಕ್ಸ್ ಅನುಸ್ಥಾಪಿಸುವಾಗ ಪರದೆ ಕಪ್ಪಾಯಿತೆಂದು ನೋಮೋಡ್‌ಸೆಟ್ ಎಂಬ ಆಯ್ಕೆಯನ್ನು ಸೇರಿಸಿ, ಆಮೇಲೆ ತೆಗೆಯಲು ಮರೆತಿರುತ್ತಾರೆ. ಕೆಲವು ಅನುಸ್ಥಾಪನೆಗಳಲ್ಲಿ ‘ಸುರಕ್ಷಿತ ಗ್ರಾಫಿಕ್ಸ್’ ಎಂದು ಆರಿಸಿದರೆ ಅದು ತಾನಾಗಿಯೇ ಸೇರುತ್ತದೆ. ಅದು ಇರುವವರೆಗೆ ಡ್ರೈವರ್ ಪರದೆಯ ಅಳತೆಯನ್ನು ಬದಲಿಸುವ ಅಧಿಕಾರವನ್ನೇ ಕಳೆದುಕೊಂಡಿರುತ್ತದೆ. ನೋಡುವುದು ಹೀಗೆ:

ಕ್ಯಾಟ್ /ಪ್ರಾಕ್/ಸಿಎಂಡಿಲೈನ್

ಉತ್ತರದಲ್ಲಿ ನೋಮೋಡ್‌ಸೆಟ್ ಎಂಬ ಪದ ಕಂಡರೆ /ಇಟಿಸಿ/ಡಿಫಾಲ್ಟ್/ಗ್ರಬ್ ಎಂಬ ಕಡತವನ್ನು ಸುಡೊ (ನಿರ್ವಾಹಕರ) ಅಧಿಕಾರದಿಂದ ತೆರೆದು ಆ ಪದವನ್ನು ಅಳಿಸಿ. ಉಬುಂಟು, ಡೆಬಿಯನ್‌ಗಳಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’ ಎಂಬ ಕಮಾಂಡನ್ನು ಕೊಟ್ಟು ಕಂಪ್ಯೂಟರನ್ನು ಮರುಚಾಲನೆ ಮಾಡಿ. ಮುಂದಿನ ಯಾವ ಹಂತವೂ ಬೇಕಾಗದೆ ಇಲ್ಲಿಗೇ ಕೆಲಸ ಮುಗಿಯುವುದುಂಟು.

ಹಂತ 3: ಇಡಿಐಡಿ ಕೈಗೆ ಸಿಕ್ಕಿದೆಯೇ

ಮೊದಲು, ಕರ್ನಲ್ ಯಾವ ಕಿಂಡಿಯಲ್ಲಿ (ಪೋರ್ಟಿನಲ್ಲಿ) ಪರದೆಯನ್ನು ಕಂಡಿದೆ ಎಂದು ಕೇಳಿ:

ಗ್ರೆಪ್ . /ಸಿಸ್/ಕ್ಲಾಸ್/ಡಿಆರ್‌ಎಂ/*/ಸ್ಟೇಟಸ್

ಪ್ರತಿಯೊಂದು ಕಿಂಡಿಯ ಮುಂದೆ ಕನೆಕ್ಟೆಡ್ ಅಥವಾ ಡಿಸ್ಕನೆಕ್ಟೆಡ್ ಎಂದು ಬರುತ್ತದೆ. ಕಾರ್ಡ್0-ಎಚ್‌ಡಿಎಂಐ-ಎ-1 ಎಂಬಲ್ಲಿ ಕನೆಕ್ಟೆಡ್ ಎಂದು ಬಂದಿದೆ ಎಂದುಕೊಳ್ಳೋಣ. ಎಚ್‌ಡಿಎಂಐ ಮತ್ತು ಎ ದೊಡ್ಡ ಅಕ್ಷರಗಳು, ಕಾರ್ಡ್‌ನ ಸಂಖ್ಯೆ ನಿಮ್ಮಲ್ಲಿ 1 ಆಗಿರಲೂಬಹುದು. ಇನ್ನು ಅದರ ಇಡಿಐಡಿಯನ್ನು ಎಣಿಸಿ:

ಕ್ಯಾಟ್ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0-ಎಚ್‌ಡಿಎಂಐ-ಎ-1/ಇಡಿಐಡಿ | ಡಬ್ಲ್ಯುಸಿ -ಸಿ

128 ಅಥವಾ 256 ಎಂದು ಬಂದರೆ ವಿವರ ಬಂದು ತಲುಪಿದೆ. 0 ಬಂದರೆ ಮಾನಿಟರ್ ಏನು ಹೇಳಿತೋ ಅದು ಡ್ರೈವರ್‌ಗೆ ಕೇಳಿಸಿಯೇ ಇಲ್ಲ. ‘ಸುಡೊ ಡಿಎಂಇಎಸ್‌ಜಿ | ಗ್ರೆಪ್ -ಐ ಇಡಿಐಡಿ’ ಎಂದು ಕೊಟ್ಟರೆ ವಿವರ ಬಂದೂ ಕೆಟ್ಟಿದೆಯೇ, ಅಂದರೆ ಚೆಕ್‌ಸಮ್ ತಾಳೆಯಾಗಿಲ್ಲವೇ ಎಂಬುದು ತಿಳಿಯುತ್ತದೆ.

ಇಡಿಐಡಿ ಬಾರದಿದ್ದರೆ ಮೊದಲು ಕೈ ಹಾಕಬೇಕಾದದ್ದು ಕೀಬೋರ್ಡಿಗಲ್ಲ, ಕೇಬಲ್ಲಿಗೆ. ನನ್ನ ಹಳೆಯ ಮಾನಿಟರೊಂದು ಎರಡು ದಿನ 1024×768ರಲ್ಲೇ ನಿಂತಿತ್ತು. ಎಕ್ಸ್‌ರ್ಯಾಂಡ್‌ಆರ್ ಅದರ ಭೌತಿಕ ಅಳತೆಯನ್ನು ಸೊನ್ನೆ ಮಿಲಿಮೀಟರ್ ಗುಣಿಸು ಸೊನ್ನೆ ಮಿಲಿಮೀಟರ್ ಎಂದು ತೋರಿಸುತ್ತಿತ್ತು. ಕೊನೆಗೆ ವಿಜಿಎ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಕೆಳಸಾಲಿನ ಒಂದು ಪಿನ್ನು ಬಾಗಿ ಪಕ್ಕಕ್ಕೆ ಒರಗಿತ್ತು. ವಿಜಿಎಯ 15 ಪಿನ್ನುಗಳಲ್ಲಿ 12ನೆಯದು ಮತ್ತು 15ನೆಯದು ಇಡಿಐಡಿಯನ್ನು ಹೊತ್ತು ತರುವಂಥವು. ಬಣ್ಣಗಳನ್ನು ಹೊರುವ ಪಿನ್ನುಗಳು ಬೇರೆಯಾದ್ದರಿಂದ ಚಿತ್ರ ನಿರ್ಮಲವಾಗಿಯೇ ಬರುತ್ತಿತ್ತು, ಹಾಗಾಗಿ ಕೇಬಲ್ಲಿನ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ. ಸಣ್ಣ ಚಿಮಟದಿಂದ 12ನೆಯ ಪಿನ್ನನ್ನು ನೆಟ್ಟಗೆ ಮಾಡಿ ಜೋಡಿಸಿದ ಮರುಕ್ಷಣ ಪೂರ್ತಿ ಪಟ್ಟಿ ಬಂತು. ಒಂದೇ ಮಾನಿಟರನ್ನು ಎರಡು ಕಂಪ್ಯೂಟರುಗಳಿಗೆ ಹಂಚುವ ಸ್ವಿಚ್ಚುಗಳು, ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಅಡಾಪ್ಟರುಗಳು, ಬಹಳ ಉದ್ದದ ಕೇಬಲ್ಲುಗಳು ಕೂಡ ಇದೇ ತೊಂದರೆ ಕೊಡುತ್ತವೆ. ಇವನ್ನೆಲ್ಲ ಬದಿಗಿಟ್ಟು ಒಮ್ಮೆ ನೇರ ಕೇಬಲ್ಲಿನಲ್ಲಿ ಜೋಡಿಸಿ ನೋಡಿ.

ಹಂತ 4: ಎಕ್ಸ್‌ರ್ಯಾಂಡ್‌ಆರ್ ಹೇಳುವುದನ್ನು ಓದುವುದು

ಇಲ್ಲಿಂದ ಮುಂದಿನದು ಎಕ್ಸ್11 ಸೆಷನ್‌ಗಾಗಿ. ಎಕ್ಸ್, ಆರ್, ಎ, ಎನ್, ಡಿ, ಆರ್ ಎಂಬ ಆರು ಅಕ್ಷರಗಳನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ರತಿಯೊಂದು ಕಿಂಡಿಯ ಹೆಸರು, ಅದರ ಕೆಳಗೆ ರೆಸಲ್ಯೂಶನ್‌ಗಳ ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಬಲಕ್ಕಿರುವ ಅಂಕಿ ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸದಾಗುತ್ತದೆ ಎಂಬುದನ್ನು ಹೇಳುತ್ತದೆ. ನಕ್ಷತ್ರದ ಗುರುತು ಈಗ ಚಾಲ್ತಿಯಲ್ಲಿರುವುದಕ್ಕೆ, ಕೂಡಿಸುವ ಗುರುತು ಮಾನಿಟರ್ ತನಗೆ ಸಹಜವೆಂದು ಹೇಳಿಕೊಂಡದ್ದಕ್ಕೆ. ಈ ಎರಡು ಗುರುತುಗಳು ಬೇರೆ ಬೇರೆ ಸಾಲುಗಳಲ್ಲಿದ್ದರೆ ಪರಿಹಾರ ಒಂದೇ ಸಾಲಿನದು:

ಎಕ್ಸ್‌ರ್ಯಾಂಡ್‌ಆರ್ --ಔಟ್‌ಪುಟ್ ಎಚ್‌ಡಿಎಂಐ-1 --ಮೋಡ್ 1920×1080

ಕಿಂಡಿಯ ಹೆಸರನ್ನು ಎಕ್ಸ್‌ರ್ಯಾಂಡ್‌ಆರ್ ತೋರಿಸಿದಂತೆಯೇ ಬರೆಯಿರಿ. ಕರ್ನಲ್ ಎಚ್‌ಡಿಎಂಐ-ಎ-1 ಎಂದು ಕರೆಯುವುದನ್ನೇ ಎಕ್ಸ್11ರಲ್ಲಿ ಒಂದು ಡ್ರೈವರ್ ಎಚ್‌ಡಿಎಂಐ-1 ಎಂದೂ ಇನ್ನೊಂದು ಗೆರೆಯಿಲ್ಲದೆ ಎಚ್‌ಡಿಎಂಐ1 ಎಂದೂ ಕರೆಯುತ್ತದೆ. ಬೇರೆಯವರ ಕಮಾಂಡನ್ನು ನಕಲು ಮಾಡಿದಾಗ ಅದು ಓಡದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಹಂತ 5: ಪಟ್ಟಿಯಲ್ಲಿ ಇಲ್ಲದ ರೆಸಲ್ಯೂಶನ್ನನ್ನು ಸೇರಿಸುವುದು

ಕೇಬಲ್ ಬದಲಿಸಿಯೂ ಇಡಿಐಡಿ ಬಾರದಿದ್ದರೆ, ಮಾನಿಟರಿನ ಸಹಜ ರೆಸಲ್ಯೂಶನ್ ಎಷ್ಟೆಂದು ಅದರ ಕೈಪಿಡಿಯಿಂದ ಅಥವಾ ಹಿಂಬದಿಯ ಮಾದರಿ ಸಂಖ್ಯೆಯಿಂದ ಖಚಿತಪಡಿಸಿಕೊಂಡ ಮೇಲೆ, ನಾವೇ ಮೋಡ್‌ಲೈನ್ ಎಂಬ ಸಾಲನ್ನು ಬರೆದುಕೊಡಬೇಕಾಗುತ್ತದೆ. ಅದನ್ನು ಲೆಕ್ಕ ಹಾಕಿಕೊಡುವ ಸಾಧನ ಸಿವಿಟಿ.

ಸಿವಿಟಿ 1920 1080 60

ಇದಕ್ಕೆ ಬರುವ ಉತ್ತರದಲ್ಲಿ ಮೊದಲ ಅಂಕಿ 173.00. ಅದು ಪಿಕ್ಸೆಲ್ ಗಡಿಯಾರ, ಮೆಗಾಹರ್ಟ್ಸ್ ಲೆಕ್ಕದಲ್ಲಿ. ನಾನು ನೋಡಿದ ಬಹುತೇಕ ಟಿಪ್ಪಣಿಗಳು ಈ ಸಾಲನ್ನೇ ಬಳಸಲು ಹೇಳುತ್ತವೆ; ಆದರೆ ಒಂದೇ ಲಿಂಕ್ ಇರುವ ಡಿವಿಐ ಸಂಪರ್ಕದ ಮಿತಿ 165 ಮೆಗಾಹರ್ಟ್ಸ್. 173 ಆ ಮಿತಿಯನ್ನು ದಾಟುವುದರಿಂದ ಇಂಥ ಸಂಪರ್ಕದಲ್ಲಿ, ಮತ್ತು ಅದೇ ಮಿತಿಗೆ ಒಳಪಟ್ಟ ಹಳೆಯ ಎಚ್‌ಡಿಎಂಐ ಕಿಂಡಿಗಳಲ್ಲಿ, ಡ್ರೈವರ್ ಈ ಮೋಡನ್ನು ತಿರಸ್ಕರಿಸುತ್ತದೆ. ಪರದೆ ಅಷ್ಟು ದೊಡ್ಡ ಚಿತ್ರವನ್ನು ತೋರಿಸಲಾರದು ಎಂದು ಬಳಕೆದಾರರು ತಪ್ಪಾಗಿ ತಿಳಿಯುತ್ತಾರೆ.

173 ಯಾಕೆ ಬೇಕಾಯಿತು ಎಂದರೆ, ಹಳೆಯ ಕೊಳವೆ ಮಾನಿಟರುಗಳಲ್ಲಿ ಕಿರಣವು ಸಾಲಿನ ತುದಿ ಮುಟ್ಟಿ ಹಿಂದಿರುಗಲು ಸಮಯ ಬೇಕಿತ್ತು. ಆ ಖಾಲಿ ಹೊತ್ತನ್ನೂ ಸಿವಿಟಿ ಲೆಕ್ಕಕ್ಕೆ ಸೇರಿಸುತ್ತದೆ. ಎಲ್‌ಸಿಡಿ ಪರದೆಗೆ ಅದು ಬೇಡ. ಆದ್ದರಿಂದ ಆರ್ ಎಂಬ ಆಯ್ಕೆಯನ್ನು ಸೇರಿಸಿ:

ಸಿವಿಟಿ -ಆರ್ 1920 1080

ಈಗ ಗಡಿಯಾರ 138.50ಕ್ಕೆ ಇಳಿಯುತ್ತದೆ. ಸಿಕ್ಕಿದ ಅಂಕಿಗಳನ್ನು ಎಕ್ಸ್‌ರ್ಯಾಂಡ್‌ಆರ್‌ಗೆ ಒಂದೇ ಸಾಲಿನಲ್ಲಿ ಕೊಡಿ. ಹೆಸರಿನ ಕೊನೆಯ ಆರ್ ದೊಡ್ಡ ಅಕ್ಷರವಾಗಿರಲಿ:

ಎಕ್ಸ್‌ರ್ಯಾಂಡ್‌ಆರ್ --ನ್ಯೂಮೋಡ್ "1920×1080ಆರ್" 138.50 1920 1968 2000 2080 1080 1083 1088 1111 +ಎಚ್‌ಸಿಂಕ್ -ವಿಸಿಂಕ್

ಅಂಕಿಗಳ ಅರ್ಥ ತಿಳಿದಿದ್ದರೆ ಟೈಪ್ ಮಾಡುವಾಗಿನ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. 1920 ಎಂಬುದು ಅಡ್ಡಸಾಲಿನಲ್ಲಿ ಕಾಣುವ ಚುಕ್ಕೆಗಳು, 1968 ಮತ್ತು 2000 ಸಿಂಕ್ ಸಂಕೇತ ಶುರುವಾಗುವ ಮತ್ತು ಮುಗಿಯುವ ಜಾಗಗಳು, 2080 ಖಾಲಿ ಹೊತ್ತೂ ಸೇರಿದ ಒಟ್ಟು ಉದ್ದ. ಮುಂದಿನ ನಾಲ್ಕು ಅಂಕಿಗಳು ಇದೇ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ. 13 ಕೋಟಿ 85 ಲಕ್ಷವನ್ನು 2080 ಮತ್ತು 1111ರ ಗುಣಲಬ್ಧದಿಂದ ಭಾಗಿಸಿದರೆ 59.93 ಬರುತ್ತದೆ, ಅದೇ ಸೆಕೆಂಡಿಗೆ ಪರದೆ ಹೊಸದಾಗುವ ಸಂಖ್ಯೆ. ನಂತರ ಈ ಮೋಡನ್ನು ಕಿಂಡಿಗೆ ಜೋಡಿಸಿ:

ಎಕ್ಸ್‌ರ್ಯಾಂಡ್‌ಆರ್ --ಆಡ್‌ಮೋಡ್ ಎಚ್‌ಡಿಎಂಐ-1 1920×1080ಆರ್

ಅನ್ವಯಿಸುವ ಕಮಾಂಡನ್ನು ಒಂಟಿಯಾಗಿ ಕೊಡಬೇಡಿ. ಪರದೆ ಕಪ್ಪಾದರೆ ಹಿಂದಕ್ಕೆ ಬರುವ ದಾರಿಯನ್ನೂ ಅದೇ ಸಾಲಿನಲ್ಲಿ ಬರೆದಿಡಿ:

ಎಕ್ಸ್‌ರ್ಯಾಂಡ್‌ಆರ್ --ಔಟ್‌ಪುಟ್ ಎಚ್‌ಡಿಎಂಐ-1 --ಮೋಡ್ 1920×1080ಆರ್; ಸ್ಲೀಪ್ 15 && ಎಕ್ಸ್‌ರ್ಯಾಂಡ್‌ಆರ್ --ಔಟ್‌ಪುಟ್ ಎಚ್‌ಡಿಎಂಐ-1 --ಮೋಡ್ 1024×768

ಚಿತ್ರ ಸರಿಯಾಗಿ ಬಂದರೆ 15 ಸೆಕೆಂಡಿನ ಒಳಗೆ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ. ಹೊಸ ಮೋಡ್ ಉಳಿದುಕೊಳ್ಳುತ್ತದೆ. ಏನೂ ಕಾಣದಿದ್ದರೆ ಕೈ ಕಟ್ಟಿ ಕುಳಿತಿರಿ. ಹಳೆಯ ಮೋಡ್ ತಾನಾಗಿಯೇ ಮರಳುತ್ತದೆ. ಈ ಒಂದು ಅಭ್ಯಾಸದಿಂದ ಪವರ್ ಬಟನ್ನನ್ನು ಒತ್ತಿ ಹಿಡಿದು ಕಂಪ್ಯೂಟರನ್ನು ನಿಲ್ಲಿಸುವ ಪ್ರಸಂಗಗಳು ಬಹುಮಟ್ಟಿಗೆ ತಪ್ಪುತ್ತವೆ.

ಇನ್ನು ದೋಷಸಂದೇಶಗಳು. ನ್ಯೂಮೋಡ್ ಕೊಟ್ಟಾಗ ಬ್ಯಾಡ್‌ನೇಮ್ ಎಂದು ಬಂದರೆ ಆ ಹೆಸರಿನ ಮೋಡ್ ಆಗಲೇ ಇದೆ ಎಂದರ್ಥ, ನೇರವಾಗಿ ಆಡ್‌ಮೋಡ್‌ಗೆ ಹೋಗಿ. ‘ಕ್ಯಾನಾಟ್ ಫೈಂಡ್ ಮೋಡ್’ ಎಂದರೆ ಹೆಸರಿನ ಕಾಗುಣಿತ ತಾಳೆಯಾಗಿಲ್ಲ. ‘ಕಾನ್ಫಿಗರ್ ಸಿಆರ್‌ಟಿಸಿ 0 ಫೇಲ್ಡ್’ ಎಂದರೆ ಡ್ರೈವರ್ ಆ ಮೋಡನ್ನು ಒಪ್ಪುತ್ತಿಲ್ಲ, ಹೆಚ್ಚಾಗಿ ಗಡಿಯಾರದ ಮಿತಿಯ ಕಾರಣದಿಂದ. ತಪ್ಪಾಗಿ ಸೇರಿಸಿದ್ದನ್ನು ಮೊದಲು --ಡೆಲ್‌ಮೋಡ್‌ನಿಂದ ಕಿಂಡಿಯಿಂದ ಬಿಡಿಸಿ, ನಂತರ --ಆರ್‌ಎಂಮೋಡ್‌ನಿಂದ ಅಳಿಸಬಹುದು. 1366×768 ಪರದೆಯವರು ಗಮನಿಸಬೇಕಾದ ವಿಷಯವೊಂದಿದೆ: ಸಿವಿಟಿ ಅಗಲವನ್ನು ಎಂಟರ ಗುಣಕಕ್ಕೆ ಏರಿಸುವುದರಿಂದ ಅವರಿಗೆ 1368 ಎಂದೇ ಉತ್ತರ ಬರುತ್ತದೆ. ಅದು ದೋಷವಲ್ಲ.

ಎನ್‌ವಿಡಿಯಾದ ಸ್ವಂತ ಡ್ರೈವರ್ ಬಳಸುವವರಿಗೆ ಈ ಹಂತ ಸಾಮಾನ್ಯವಾಗಿ ಬ್ಯಾಡ್‌ಮ್ಯಾಚ್ ಎಂಬ ಸಂದೇಶದಲ್ಲಿ ನಿಲ್ಲುತ್ತದೆ, ಏಕೆಂದರೆ ಇಡಿಐಡಿ ಹೇಳದ ಮೋಡನ್ನು ಆ ಡ್ರೈವರ್ ನಂಬುವುದಿಲ್ಲ. ಅಲ್ಲಿ ಎಕ್ಸ್‌ನ ಸಂರಚನಾ ಕಡತದಲ್ಲಿ ಮೋಡ್‌ವ್ಯಾಲಿಡೇಶನ್ ಎಂಬ ಆಯ್ಕೆಗೆ ಅಲೌನಾನ್‌ಇಡಿಐಡಿಮೋಡ್ಸ್ ಎಂಬ ಬೆಲೆಯನ್ನು ಕೊಟ್ಟು, ಮೋಡ್‌ಲೈನನ್ನೂ ಅದೇ ಕಡತದಲ್ಲಿ ಬರೆಯಬೇಕು.

ಹಂತ 6: ಮರುಚಾಲನೆಯ ನಂತರವೂ ಉಳಿಯುವಂತೆ ಮಾಡುವುದು

ಎಕ್ಸ್‌ರ್ಯಾಂಡ್‌ಆರ್‌ನಿಂದ ಮಾಡಿದ್ದು ಲಾಗೌಟ್ ಆದ ಕೂಡಲೇ ಮರೆತುಹೋಗುತ್ತದೆ. ಮೇಲಿನ ನ್ಯೂಮೋಡ್, ಆಡ್‌ಮೋಡ್, ಔಟ್‌ಪುಟ್ ಸಾಲುಗಳನ್ನು ನಿಮ್ಮ ಹೋಮ್ ಫೋಲ್ಡರಿನ .ಎಕ್ಸ್‌ಪ್ರೊಫೈಲ್ ಎಂಬ ಕಡತದಲ್ಲಿ ಬರೆದಿಟ್ಟರೆ ಪ್ರತಿ ಲಾಗಿನ್‌ನಲ್ಲೂ ಅವು ಓಡುತ್ತವೆ, ಆದರೆ ಲಾಗಿನ್ ಪರದೆ ಮಾತ್ರ ಹಳೆಯ ಅಳತೆಯಲ್ಲೇ ಉಳಿಯುತ್ತದೆ. ನಾನು ಇಷ್ಟಪಡುವುದು /ಇಟಿಸಿ/ಎಕ್ಸ್11/ಎಕ್ಸ್‌ಆರ್ಗ್.ಕಾನ್ಫ್.ಡಿ ಎಂಬ ಫೋಲ್ಡರಿನಲ್ಲಿ (ಎಕ್ಸ್11ರ ಎಕ್ಸ್ ಮಾತ್ರ ದೊಡ್ಡದು) 10-ಮಾನಿಟರ್.ಕಾನ್ಫ್ ಎಂಬ ಕಡತವನ್ನು ಮಾಡುವ ವಿಧಾನವನ್ನು:

ಸೆಕ್ಷನ್ "ಮಾನಿಟರ್"
ಐಡೆಂಟಿಫೈಯರ್ "ಎಚ್‌ಡಿಎಂಐ-1"
ಮೋಡ್‌ಲೈನ್ "1920×1080ಆರ್" 138.50 1920 1968 2000 2080 1080 1083 1088 1111 +ಎಚ್‌ಸಿಂಕ್ -ವಿಸಿಂಕ್
ಆಪ್ಷನ್ "ಪ್ರಿಫರ್ಡ್‌ಮೋಡ್" "1920×1080ಆರ್"
ಎಂಡ್‌ಸೆಕ್ಷನ್

ಐಡೆಂಟಿಫೈಯರ್‌ನ ಹೆಸರು ಎಕ್ಸ್‌ರ್ಯಾಂಡ್‌ಆರ್ ತೋರಿಸಿದ ಕಿಂಡಿಯ ಹೆಸರೇ ಆಗಿದ್ದರೆ ಎಕ್ಸ್ ಸರ್ವರ್ ಎರಡನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಇದರಿಂದ ಡೆಸ್ಕ್‌ಟಾಪ್ ಬಾರದೇ ಹೋದರೆ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಅಕ್ಷರಪರದೆಯಲ್ಲಿ ಲಾಗಿನ್ ಆಗಿ, ಆ ಕಡತವನ್ನು ಅಳಿಸಿ ಮರುಚಾಲನೆ ಮಾಡಿದರೆ ಎಲ್ಲವೂ ಮೊದಲಿನಂತಾಗುತ್ತದೆ.

ವೇಲ್ಯಾಂಡ್ ಬಳಸುವವರಿಗೆ

ಇಲ್ಲಿ ಪ್ರತಿಯೊಂದು ಡೆಸ್ಕ್‌ಟಾಪ್‌ಗೂ ಅದರದೇ ಸಾಧನವಿದೆ. ಕೆಡಿಇ ಪ್ಲಾಸ್ಮಾದಲ್ಲಿ ‘ಕೆಸ್ಕ್ರೀನ್-ಡಾಕ್ಟರ್ -ಓ’ ಪಟ್ಟಿಯನ್ನು ತೋರಿಸುತ್ತದೆ, ‘ಕೆಸ್ಕ್ರೀನ್-ಡಾಕ್ಟರ್ ಔಟ್‌ಪುಟ್.ಎಚ್‌ಡಿಎಂಐ-ಎ-1.ಮೋಡ್.1920×1080@60’ ಅದನ್ನು ಬದಲಿಸುತ್ತದೆ. ಗ್ನೋಮ್ 48ರಿಂದ ಜಿಡಿಸಿಟಿಎಲ್ ಎಂಬ ಸಾಧನ ಸೇರಿದೆ. ‘ಜಿಡಿಸಿಟಿಎಲ್ ಶೋ’ ಎಂಬಲ್ಲಿಂದ ಆರಂಭಿಸಿ. ಪಟ್ಟಿಯಲ್ಲಿಲ್ಲದ ಅಳತೆಯನ್ನು ನೇರವಾಗಿ ಕೇಳುವ ಸೌಕರ್ಯ ಸ್ವೇ ಎಂಬ ಡೆಸ್ಕ್‌ಟಾಪ್‌ನಲ್ಲಿದೆ:

ಸ್ವೇಎಂಎಸ್‌ಜಿ -- ಔಟ್‌ಪುಟ್ ಎಚ್‌ಡಿಎಂಐ-ಎ-1 ಮೋಡ್ --ಕಸ್ಟಮ್ 1920×1080@60ಎಚ್‌ಜೆಡ್

ಎಚ್‌ಜೆಡ್‌ನಲ್ಲಿ ಎಚ್ ದೊಡ್ಡದು, ಜೆಡ್ ಸಣ್ಣದು.

ಉಳಿದ ಡೆಸ್ಕ್‌ಟಾಪ್‌ಗಳಲ್ಲಿ ಇಡಿಐಡಿ ಇಲ್ಲದ ಪರದೆಗೆ ಕರ್ನಲ್‌ಗೇ ಹೇಳಬೇಕು. /ಇಟಿಸಿ/ಡಿಫಾಲ್ಟ್/ಗ್ರಬ್ ಕಡತದಲ್ಲಿ ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್ ಎಂದು ದೊಡ್ಡ ಅಕ್ಷರಗಳಲ್ಲಿರುವ ಸಾಲಿನ ಉದ್ಧರಣ ಚಿಹ್ನೆಯ ಒಳಗೆ ಇದನ್ನು ಸೇರಿಸಿ:

ವಿಡಿಯೊ=ಎಚ್‌ಡಿಎಂಐ-ಎ-1:1920×1080@60

ನಂತರ ಗ್ರಬ್ಬನ್ನು ಹಿಂದಿನಂತೆ ನವೀಕರಿಸಿ ಮರುಚಾಲನೆ ಮಾಡಿ. ಇಲ್ಲಿ ಬೇಕಾಗುವುದು ಕರ್ನಲ್ ಕರೆಯುವ ಹೆಸರು, ಹಂತ 3ರಲ್ಲಿ ಕಂಡದ್ದು, ಕಾರ್ಡ್0 ಎಂಬ ಭಾಗವನ್ನು ಬಿಟ್ಟು. ಕರ್ನಲ್‌ನ ಮಟ್ಟದಲ್ಲೇ ಮೋಡ್ ಸೇರುವುದರಿಂದ ಇದು ಎಕ್ಸ್11ರಲ್ಲೂ ಅಕ್ಷರಪರದೆಯಲ್ಲೂ ಫಲಿಸುತ್ತದೆ.

ಇದಕ್ಕಿಂತಲೂ ಅಚ್ಚುಕಟ್ಟಾದ ದಾರಿಯೆಂದರೆ ಇಡಿಐಡಿಯನ್ನೇ ಕಡತವಾಗಿ ಉಳಿಸಿಕೊಡುವುದು. ಸ್ವಿಚ್ಚನ್ನು ಬಿಟ್ಟು ಮಾನಿಟರನ್ನು ನೇರವಾಗಿ ಜೋಡಿಸಿದಾಗ ವಿವರ ಸರಿಯಾಗಿ ಬರುತ್ತದೆ ಎಂದಾದರೆ, ಆಗ ಹಂತ 3ರ ಇಡಿಐಡಿ ಕಡತವನ್ನು ಕ್ಯಾಟ್‌ನಿಂದ ನಕಲು ಮಾಡಿ /ಲಿಬ್/ಫರ್ಮ್‌ವೇರ್/ಇಡಿಐಡಿ ಎಂಬ ಫೋಲ್ಡರಿನಲ್ಲಿ ಮಾನಿಟರ್.ಬಿನ್ ಎಂದು ಇಡಿ. ಗ್ರಬ್ಬಿನ ಅದೇ ಸಾಲಿಗೆ ‘ಡಿಆರ್‌ಎಂ.ಇಡಿಐಡಿ_ಫರ್ಮ್‌ವೇರ್=ಎಚ್‌ಡಿಎಂಐ-ಎ-1:ಇಡಿಐಡಿ/ಮಾನಿಟರ್.ಬಿನ್’ ಎಂದು ಸೇರಿಸಿ. ಗ್ರಾಫಿಕ್ಸ್ ಡ್ರೈವರ್ ಬೂಟ್‌ನ ಆರಂಭದಲ್ಲೇ ಎದ್ದೇಳುವಂತಿದ್ದರೆ ಈ ಕಡತ, ಬೂಟ್‌ನ ಮೊದಲಿಗೆ ಓದಿಕೊಳ್ಳುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಟ್ಟಿನ ಒಳಗೂ ಇರಬೇಕು. ಇದಾದ ಮೇಲೆ ಸ್ವಿಚ್ ಇಡಿಐಡಿಯನ್ನು ನುಂಗಿದರೂ ಕರ್ನಲ್ ತನ್ನಲ್ಲಿರುವ ನಕಲನ್ನೇ ಓದಿಕೊಳ್ಳುತ್ತದೆ.

ರೆಸಲ್ಯೂಶನ್ ತೊಂದರೆಯಂತೆ ಕಂಡರೂ ಬೇರೆಯಾದವು

ವರ್ಚುವಲ್ ಯಂತ್ರದ ಒಳಗೆ ನಿಜವಾದ ಮಾನಿಟರ್ ಇರುವುದಿಲ್ಲವಾದ್ದರಿಂದ ಮೋಡ್‌ಲೈನ್ ಬರೆಯುವ ಮೊದಲು ಅತಿಥಿ ಸಾಧನಗಳನ್ನು ಹಾಕಿಕೊಳ್ಳಬೇಕು: ವರ್ಚುವಲ್‌ಬಾಕ್ಸ್‌ಗೆ ಗೆಸ್ಟ್ ಅಡಿಷನ್ಸ್, ವಿಎಂವೇರ್‌ಗೆ ಓಪನ್-ವಿಎಂ-ಟೂಲ್ಸ್-ಡೆಸ್ಕ್‌ಟಾಪ್, ಸ್ಪೈಸ್ ಬಳಸುವ ಕ್ಯೂಎಂಯು ಯಂತ್ರಗಳಿಗೆ ಸ್ಪೈಸ್-ವಿಡಿಏಜೆಂಟ್.

ಟಿವಿಗೆ ಜೋಡಿಸಿದಾಗ ರೆಸಲ್ಯೂಶನ್ ಸರಿಯಿದ್ದೂ ನಾಲ್ಕೂ ಅಂಚುಗಳು ಕತ್ತರಿಸಿದಂತಿದ್ದರೆ ಅದು ಓವರ್‌ಸ್ಕ್ಯಾನ್. ಟಿವಿಯ ಮೆನುವಿನಲ್ಲಿ ಚಿತ್ರದ ಅಳತೆಯನ್ನು ಪರದೆಗೆ ಸರಿಯಾಗಿ, ಹಿಗ್ಗಿಸದೆ ತೋರಿಸುವ ಆಯ್ಕೆಯನ್ನು ಹುಡುಕಿ. 4ಕೆ ಪರದೆ 30 ಹರ್ಟ್ಸ್‌ಗೆ ನಿಂತು ಇಲಿಯ ಬಾಣ ಎಳೆದಾಡಿದಂತೆ ಚಲಿಸಿದರೆ ಕಾರಣ ಕಿಂಡಿಯ ಸಾಮರ್ಥ್ಯ: 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ ಬರಬೇಕಾದರೆ ವಾಡಿಕೆಯ ಲೆಕ್ಕದಲ್ಲಿ 594 ಮೆಗಾಹರ್ಟ್ಸ್ ಗಡಿಯಾರ ಬೇಕು, ಎಚ್‌ಡಿಎಂಐ 1.4ರ ಮಿತಿ 340. ಇದನ್ನು ಯಾವ ಕಮಾಂಡೂ ದಾಟಿಸಲಾರದು, ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಕಿಂಡಿಯೇ ಬೇಕು.

ಕೊನೆಯದಾಗಿ, ಕೇಬಲ್ಲನ್ನೋ ಮಾನಿಟರನ್ನೋ ಬದಲಿಸಿದ ದಿನ ನೀವು ಸೇರಿಸಿದ 10-ಮಾನಿಟರ್.ಕಾನ್ಫ್ ಕಡತವನ್ನೂ ಗ್ರಬ್ಬಿನ ವಿಡಿಯೊ ಮತ್ತು ಇಡಿಐಡಿ ಪದಗಳನ್ನೂ ತೆಗೆದುಬಿಡಿ. ಹಳೆಯ ಪರದೆಗೆಂದು ಬರೆದ ಮೋಡ್‌ಲೈನ್ ಹೊಸ ಪರದೆಯ ಸರಿಯಾದ ಇಡಿಐಡಿಗೆ ಅಡ್ಡ ನಿಲ್ಲುತ್ತದೆ, ಮತ್ತು ಆಗ ಹಂತ 3ರ ಎಣಿಕೆ 256 ಎಂದು ತೋರಿಸುತ್ತಿದ್ದರೂ ಪರದೆಯ ಮೇಲಿನ ಚಿತ್ರ ತಪ್ಪು ಅಳತೆಯಲ್ಲೇ ಇರುತ್ತದೆ.